ಬ್ಲ್ಯಾಡರ್ ಪ್ರೆಶರ್ ಅಳೆಯೋ ಪುಟ್ಟ ಸೆನ್ಸರ್: ಚಿಪ್ ರೆಡಿ ಇದೆ, ಅದು ತೋರ್ಸೋ ನಂಬರ್ ಕತೆ ಏನು?

2025ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡೋ ಎಫ್‌ಡಿಎ ಸಂಸ್ಥೆ ಗ್ಲೀನ್ ಅನ್ನೋ ಒಂದು ಸಿಸ್ಟಮ್‌ಗೆ ಕ್ಲಿಯರೆನ್ಸ್ ಕೊಡ್ತು. ಬ್ರೈಟ್ ಯೂರೋ ಅಂತ ಕ್ಯಾಲಿಫೋರ್ನಿಯಾದ ಕಂಪನಿ ಇದನ್ನ ಮಾಡಿದ್ದು, ಅದರ ಹಿಂದಿನ ಕೆಲಸ ಮಾತ್ರ ಅಮೆರಿಕದ್ದೇ ಇನ್ನೊಂದು ಊರು ಕ್ಲೀವ್‌ಲ್ಯಾಂಡ್‌ದು, ಅಲ್ಲಿ ಸಂಶೋಧಕರಾದ ಮಾರ್ಗೊ ಡಮಾಸರ್, ಸ್ಟೀವ್ ಮಜೆರಸ್ ಮತ್ತವರ ಜೊತೆಗಾರರು ಯೂರೋಮಾನಿಟರ್ ಅನ್ನೋ ಹೆಸರಲ್ಲಿ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದರು. ಬಗ್ಗೋ ಸಿಲಿಕೋನ್ ಒಳಗೆ ಪ್ರೆಶರ್ ಸೆನ್ಸರ್, ಬ್ಯಾಟರಿ, ರೇಡಿಯೋ ಎಲ್ಲ ಕೂರಿಸಿ ಅದನ್ನ ಮೂತ್ರನಾಳದ ಮೂಲಕ ಮೂತ್ರಕೋಶದೊಳಗೆ ಬಿಟ್ಟುಬಿಡೋದು, ಹಾಕಿದ ನಳಿಕೆ ಹೊರಗೆ ಬರುತ್ತೆ, ಸೆನ್ಸರ್ ಒಳಗೆ ಉಳಿಯುತ್ತೆ, ಒಂದು ತೆಳು ದಾರ ಮಾತ್ರ ಹೊರಗೆ ಇರುತ್ತೆ, ಕೆಲಸ ಮುಗಿದ ಮೇಲೆ ಅದನ್ನ ಎಳೆದರೆ ಸೆನ್ಸರ್ ಈಚೆ ಬರುತ್ತೆ. ಅಷ್ಟು ಹೊತ್ತೂ ಪೇಷೆಂಟ್ ಎದ್ದು ಓಡಾಡಬಹುದು, ನೀರು ಕುಡೀಬಹುದು, ಬಾಗಿಲು ಹಾಕ್ಕೊಂಡು ನೆಮ್ಮದಿಯಾಗಿ ಒಂದಕ್ಕೆ ಹೋಗಬಹುದು.

ಇದ್ಯಾಕೆ ಅಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದ್ರೆ ಈಗ ನಡೀತಿರೋ ಟೆಸ್ಟ್ ಹೆಂಗಿರುತ್ತೆ ಅಂತ ಗೊತ್ತಿರಬೇಕು. ಯೂರೋಡೈನಮಿಕ್ಸ್ ಅಂತಾರೆ. ಸುಮಾರು ಎರಡು ಮಿಲಿಮೀಟರ್ ದಪ್ಪದ ಒಂದು ಕ್ಯಾತಿಟರ್ ಅಂದ್ರೆ ತೆಳು ನಳಿಕೆ ಮೂತ್ರಕೋಶಕ್ಕೆ, ಅದರೊಳಗೆ ಎರಡು ದಾರಿ, ಒಂದರಲ್ಲಿ ಸಲೈನ್ ಒಳಗೆ ಹೋಗುತ್ತೆ, ಇನ್ನೊಂದರಲ್ಲಿ ಪ್ರೆಶರ್ ಅಳೀತಾರೆ. ಇನ್ನೊಂದು ಕ್ಯಾತಿಟರ್ ಗುದದ್ವಾರದಲ್ಲಿ, ತುದೀಲಿ ಪುಟ್ಟ ಬಲೂನ್ ಇರೋದು. ಎರಡರ ನಳಿಕೇನೂ ತಂದು ಸ್ಟ್ಯಾಂಡ್ ಮೇಲಿರೋ ಟ್ರಾನ್ಸ್‌ಡ್ಯೂಸರ್‌ಗೆ, ಅಂದ್ರೆ ಒತ್ತಡವನ್ನ ಕರೆಂಟ್ ಸಿಗ್ನಲ್ ಮಾಡೋ ಸಾಧನಕ್ಕೆ, ಜೋಡಿಸಿ, ಆ ಸ್ಟ್ಯಾಂಡನ್ನ ಪೇಷೆಂಟ್‌ನ ಕೆಳಹೊಟ್ಟೆಯ ಮೂಳೆಯ ಮೇಲಂಚಿನ ಮಟ್ಟಕ್ಕೆ ಸರಿ ಮಾಡಿ, ಹೊರಗಿನ ಗಾಳಿಗೆ ತೆರೆದು ಜೀರೋ ಮಾಡ್ತಾರೆ. ಆಮೇಲೆ "ಕೆಮ್ಮಿ" ಅಂತಾರೆ. ಸ್ಕ್ರೀನ್ ಮೇಲೆ ಮೂರು ಗೆರೆ ಓಡ್ತಿರುತ್ತೆ: ಮೇಲಿಂದು ಮೂತ್ರಕೋಶದ ಒತ್ತಡ, ನಡುವಿಂದು ಹೊಟ್ಟೆಯ ಒತ್ತಡ, ಕೆಳಗಿಂದು ಎರಡರ ವ್ಯತ್ಯಾಸ. ಕೆಮ್ಮಿದಾಗ ಮೇಲಿನ ಎರಡೂ ಗೆರೆ ಒಂದೇ ಎತ್ತರಕ್ಕೆ ನೆಗೆದು ಕೂರಬೇಕು, ಕೆಳಗಿನ ಗೆರೆ ಅಲ್ಲಾಡಬಾರದು. ಅಲ್ಲಾಡಿತು ಅಂದ್ರೆ ಎಲ್ಲೋ ಗಾಳಿಗುಳ್ಳೆ ಸಿಕ್ಕಿಹಾಕ್ಕೊಂಡಿದೆ ಇಲ್ಲಾ ಕ್ಯಾತಿಟರ್ ಮಡಚಿದೆ, ಸಿರಿಂಜ್ ತಗೊಂಡು ಫ್ಲಶ್ ಮಾಡಿ, ಮತ್ತೆ ಕೆಮ್ಮಿಸಿ ನೋಡ್ಬೇಕು. ಒಳ್ಳೆ ಟೆಕ್ನಿಷಿಯನ್ ಟೆಸ್ಟ್ ಮುಗಿಯೋವರೆಗೂ ಪ್ರತಿ ನಿಮಿಷಕ್ಕೊಮ್ಮೆ ಕೆಮ್ಮಿಸ್ತಾನೇ ಇರ್ತಾರೆ, ಅದನ್ನ ಮರೆತವರ ಗ್ರಾಫು ಯಾವ ಪ್ರಯೋಜನಕ್ಕೂ ಬರಲ್ಲ.

ಆ ಮೂರನೇ ಗೆರೆಯೇ ಇಡೀ ಟೆಸ್ಟಿನ ಜೀವ. ಮೂತ್ರಕೋಶದೊಳಗಿನ ಒತ್ತಡ ಎರಡು ಕಡೆಯಿಂದ ಬರುತ್ತೆ, ಒಂದು ಮೂತ್ರಕೋಶದ ಗೋಡೆಯ ಸ್ನಾಯು ಅಂದ್ರೆ ಡಿಟ್ರೂಸರ್ ತಾನೇ ಹಿಂಡೋದು, ಇನ್ನೊಂದು ಸುತ್ತಲಿನ ಹೊಟ್ಟೆ ಒತ್ತೋದು, ಕೆಮ್ಮು ಸೀನು ನಗು ಮೆಟ್ಟಿಲು ಹತ್ತೋದು ಎಲ್ಲ ಇದರಲ್ಲಿ ಬಂತು. ಡಾಕ್ಟರ್‌ಗೆ ಬೇಕಾಗಿರೋದು ಮೊದಲನೇದು, ಅದಕ್ಕೇ ಎರಡನೇದನ್ನ ಬೇರೆ ಅಳೆದು ಕಳೀತಾರೆ. ಅಳತೆ ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ, ನೆಟ್ಟಗೆ ನಿಲ್ಲಿಸಿದ ಒಂದು ಕೊಳವೆಯಲ್ಲಿ ಆ ಒತ್ತಡಕ್ಕೆ ನೀರು ಎಷ್ಟು ಎತ್ತರ ಏರುತ್ತೆ ಅನ್ನೋದು.

ಸಮಸ್ಯೆ ಏನಂದ್ರೆ ಈ ಟೆಸ್ಟಲ್ಲಿ ಸಹಜವಾಗಿರೋದು ಒಂದೂ ಇಲ್ಲ. ಕಿಡ್ನಿ ನಿಮಿಷಕ್ಕೆ 1-2 ಎಂಎಲ್ ಮೂತ್ರ ಮಾಡುತ್ತೆ, 400 ಎಂಎಲ್ ತುಂಬೋಕೆ ಮೂರ್ನಾಲ್ಕು ಗಂಟೆಯಾದ್ರೂ ಬೇಕು. ಟೆಸ್ಟಲ್ಲಿ ನಿಮಿಷಕ್ಕೆ 50 ಎಂಎಲ್‌ನಂತೆ ಎಂಟು ನಿಮಿಷದಲ್ಲಿ ತುಂಬಿಸಿಬಿಡ್ತಾರೆ, ಅದೂ ರೂಮ್ ಟೆಂಪರೇಚರ್ ಸಲೈನು, ನರದ ತೊಂದರೆ ಇರೋರಿಗೆ ಮಾತ್ರ ಸ್ವಲ್ಪ ನಿಧಾನ. ಆಮೇಲೆ ಕಮೋಡ್ ಕುರ್ಚಿ ಮೇಲೆ ಕೂತು, ಕೆಳಗೊಂದು ಫನಲ್ಲು, ಎದುರಿಗೆ ಇಬ್ಬರು ನಿಂತಿರೋವಾಗ, ನಳಿಕೆ ಒಳಗಿರೋವಾಗಲೇ "ಈಗ ಮಾಡಿ" ಅಂದ್ರೆ ಎಷ್ಟು ಜನಕ್ಕೆ ಬರುತ್ತೆ ಹೇಳಿ. ಎಷ್ಟೋ ಜನಕ್ಕೆ ಬರೋದೇ ಇಲ್ಲ. ಇನ್ನು ಕೆಲವರ ಕಂಪ್ಲೇಂಟು ಬೆಳಗಿನ ಜಾವ ಮೂರು ಗಂಟೆಗೆ ಇಲ್ಲಾ ಮನೆ ಬೀಗ ತೆಗೆಯೋ ಹೊತ್ತಿಗೆ ಆಗೋದು, ಅದು ಆಸ್ಪತ್ರೆಯಲ್ಲಿ ಹನ್ನೊಂದು ಗಂಟೆಗೆ ಕಾಣಿಸ್ಕೊಳ್ಳೋದಾದ್ರೂ ಹೆಂಗೆ? ಮೂತ್ರಕೋಶ ಮನಸ್ಸಿನ ಮಾತು ಕೇಳುತ್ತೆ ಅಂತ 1880ರ ದಶಕದಲ್ಲೇ ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊಸ್ಸೊ ಮತ್ತು ಪೆಲ್ಲಕಾನಿ ತೋರಿಸಿದ್ದರು, ಯಾರಾದ್ರೂ ಮಾತಾಡಿಸಿದ್ರೆ ಸಾಕು ಒಳಗಿನ ಒತ್ತಡ ಬದಲಾಗ್ತಿತ್ತು.

ಹಂಗಾದ್ರೆ ಈ ಪ್ರೆಶರ್ ಅಷ್ಟು ಮುಖ್ಯಾನಾ? ಎಲ್ಲರಿಗೂ ಅಲ್ಲ, ಆದ್ರೆ ಕೆಲವರಿಗೆ ಇದು ಕಿಡ್ನಿ ಉಳಿಯುತ್ತೋ ಹೋಗುತ್ತೋ ಅನ್ನೋ ಪ್ರಶ್ನೆ. ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲಿ, ಹುಟ್ಟುವಾಗಲೇ ಬೆನ್ನುಮೂಳೆ ಸರಿಯಾಗಿ ಮುಚ್ಚದ ಸ್ಪೈನಾ ಬೈಫಿಡಾ ಮಕ್ಕಳಲ್ಲಿ ಮೆದುಳಿಗೂ ಮೂತ್ರಕೋಶಕ್ಕೂ ಸಂಪರ್ಕ ಕೆಟ್ಟಿರುತ್ತೆ. ಸ್ನಾಯು ಹಿಂಡೋವಾಗ ಕೆಳಗಿನ ವಾಲ್ವ್ ಸಡಿಲ ಆಗಬೇಕು, ಅದರ ಬದಲು ಅದೂ ಬಿಗಿಹಿಡ್ಕೊಳ್ಳುತ್ತೆ, ಒಳಗೆ ಒತ್ತಡ 80, 100 ಅಂತ ಏರುತ್ತೆ, ಮೂತ್ರ ಕೆಳಗೆ ಹೋಗೋಕೆ ದಾರಿ ಇಲ್ಲದೆ ಕಿಡ್ನಿ ಕಡೆ ವಾಪಸ್ ತಳ್ಳುತ್ತೆ. 1981ರಲ್ಲಿ ಅಮೆರಿಕದ ಯೂರಾಲಜಿಸ್ಟ್ ಎಡ್ವರ್ಡ್ ಮೆಕ್‌ಗ್ವೈರ್ ತಂಡ ಇಂಥ 42 ಪೇಷೆಂಟ್‌ಗಳನ್ನ ಫಾಲೋ ಮಾಡಿ, ಸೋರೋಕೆ ಶುರುವಾಗೋ ಹೊತ್ತಿನ ಒತ್ತಡ 40 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದವರಲ್ಲಿ ಕಿಡ್ನಿ ಕಡೆಯ ನಾಳಗಳು ಹಿಗ್ಗಿರೋದನ್ನ, ಮೂತ್ರ ಹಿಂದಕ್ಕೆ ಹೋಗ್ತಿರೋದನ್ನ ತೋರಿಸಿತು. ಆವತ್ತಿಂದ ಈ 40 ಅನ್ನೋದು ಲಕ್ಷ್ಮಣರೇಖೆ ಆಗಿ ಕೂತುಬಿಟ್ಟಿದೆ. ಒಂದು ಕಾಲದಲ್ಲಿ ಬೆನ್ನುಹುರಿ ಪೆಟ್ಟಾದವರು ಸಾಯ್ತಿದ್ದಿದ್ದೇ ಜಾಸ್ತಿ ಕಿಡ್ನಿ ಹೋಗಿ, ಅದು ಕಮ್ಮಿ ಆಗಿದ್ದರಲ್ಲಿ ಎರಡು ಸಂಗತಿಗಳ ಪಾಲು ದೊಡ್ಡದು: ಒಂದು ಪ್ರೆಶರ್ ನೋಡಿ ಟ್ರೀಟ್ ಮಾಡೋ ಪದ್ಧತಿ, ಇನ್ನೊಂದು 1972ರಲ್ಲಿ ಮಿಶಿಗನ್‌ನ ಜ್ಯಾಕ್ ಲ್ಯಾಪಿಡಸ್ ಚಾಲ್ತಿಗೆ ತಂದ ಕ್ರಮ, ದಿನಕ್ಕೆ ನಾಲ್ಕೈದು ಸಲ ತಾವೇ ಕ್ಯಾತಿಟರ್ ಹಾಕಿ ಖಾಲಿ ಮಾಡ್ಕೊಳ್ಳೋದು.

ಈಗ ಸೆನ್ಸರ್ ವಿಷಯಕ್ಕೆ ಬರೋಣ. ವೈರ್ ಇಲ್ಲದೆ ದೇಹದೊಳಗಿಂದ ಒತ್ತಡ ಕಳಿಸೋ ಆಸೆ ಹೊಸದೇನಲ್ಲ, 1957ರಲ್ಲೇ ಮ್ಯಾಕೆ ಮತ್ತು ಜೇಕಬ್‌ಸನ್ ನುಂಗೋ ರೇಡಿಯೋ ಗುಳಿಗೆ ಮಾಡಿದ್ದರು, 60ರ ದಶಕದಲ್ಲಿ ಅದೇ ಐಡಿಯಾನ ಮೂತ್ರಕೋಶಕ್ಕೂ ಪ್ರಯತ್ನಿಸಿದ್ದಾರೆ. ಬೆಲ್ಜಿಯಂನ ಲ್ಯೂವೆನ್ ಯೂನಿವರ್ಸಿಟಿಯಲ್ಲಿ ರಾಬರ್ಟ್ ಪ್ಯೂರ್ಸ್ ತಂಡ 2000ದ ದಶಕದಿಂದ ಬ್ಲ್ಯಾಡರ್ ಪಿಲ್ ಅಂತ ಒಂದನ್ನ ಬೆಳೆಸಿತು, 2019ರಲ್ಲಿ ಅದನ್ನ ಎಚ್ಚರವಿರೋ ಪುಟ್ಟ ತಳಿ ಹಂದಿಗಳಲ್ಲಿ ಬಿಟ್ಟು, ಅವು ಓಡಾಡ್ತಾ ಮೂತ್ರ ಮಾಡೋವಾಗಿನ ಒತ್ತಡ ದಾಖಲಿಸಿದ ಪೇಪರ್ ಬಂತು. ನಾರ್ವೆಯ ಸಿಂಟೆಫ್ ಸಂಸ್ಥೆ ಬೇರೆ ದಾರಿ ಹಿಡೀತು, ಮೂತ್ರನಾಳದ ಗೊಡವೆಯೇ ಬೇಡ ಅಂತ ತೆಳು ವೈರ್ ತುದಿಯಲ್ಲಿ ಸೆನ್ಸರ್ ಕೂರಿಸಿ ಹೊಟ್ಟೆಯ ಚರ್ಮದ ಮೂಲಕ ನೇರ ಮೂತ್ರಕೋಶಕ್ಕೆ ಇಳಿಸೋದು, ಸುನ್ನಾಸ್ ಅನ್ನೋ ಪುನರ್ವಸತಿ ಆಸ್ಪತ್ರೆಯ ಬೆನ್ನುಹುರಿ ಪೇಷೆಂಟ್‌ಗಳ ಜೊತೆ ಇದನ್ನ ಪರೀಕ್ಷೆ ಮಾಡಿದ್ರು. ನಳಿಕೆ ಇಲ್ಲದಿದ್ದರೆ ಮೂತ್ರನಾಳ ಖಾಲಿ ಇರುತ್ತೆ, ಹರಿವು ಸಹಜವಾಗಿರುತ್ತೆ ಅನ್ನೋದು ಅವರ ತರ್ಕ, ಸರಿಯಾದ ತರ್ಕಾನೇ.

ಚಿಪ್ ಮಾಡೋದು ಈಗ ಕಷ್ಟದ ಕೆಲಸ ಅಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಸಿಲಿಕಾನ್ ಮೇಲೆ ಒತ್ತಡ ಬಿದ್ದು ಅದು ಸ್ವಲ್ಪ ಬಾಗಿದರೂ ಅದರ ರೆಸಿಸ್ಟೆನ್ಸ್ ಬದಲಾಗುತ್ತೆ ಅಂತ 1954ರಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಸ್ಮಿತ್ ತೋರಿಸಿದ್ದು, ತೆಳ್ಳಗಿನ ಸಿಲಿಕಾನ್ ಪೊರೆ, ಅದರ ಅಂಚಲ್ಲಿ ನಾಲ್ಕು ರೆಸಿಸ್ಟರ್, ಬ್ರಿಡ್ಜ್ ಸರ್ಕ್ಯೂಟ್, ಕೆಲವು ಮಿಲಿವೋಲ್ಟ್ ಸಿಗ್ನಲ್ಲು, ಇಷ್ಟೇ ಕತೆ. ಕಾರಿನ ಎಂಜಿನ್ನಲ್ಲಿರುತ್ತೆ, ಐಸಿಯುನಲ್ಲಿ ಬಿಪಿ ನೋಡೋ ಲೈನಲ್ಲಿರುತ್ತೆ, ಇಂಥ ಪೊರೆ ಕೊರೆಯೋ ಫ್ಯಾಬ್ ಅಂದ್ರೆ ಚಿಪ್ ಮಾಡೋ ಲ್ಯಾಬ್ ನಮ್ಮ ಬೆಂಗಳೂರಿನ ಐಐಎಸ್ಸಿಯ ನ್ಯಾನೊ ಸೆಂಟರ್‌ನಲ್ಲೂ ಇದೆ. ಒಂದೂವರೆ ಮಿಲಿಮೀಟರ್ ಚದರದ ಸೆನ್ಸರ್ ಇವತ್ತು ಆಶ್ಚರ್ಯದ ವಸ್ತು ಅಲ್ಲವೇ ಅಲ್ಲ. ನಿಜವಾದ ತಲೆನೋವು ಇರೋದು ಆ ಸೆನ್ಸರ್ ಕೊಡೋ ನಂಬರನ್ನ ಯಾವುದಕ್ಕೆ ಹೋಲಿಸಿ ನೋಡೋದು ಅನ್ನೋದರಲ್ಲಿ, ಸುದ್ದಿಗಳಲ್ಲಿ ಬರೋದು ಮಾತ್ರ ಸೆನ್ಸರ್ ಎಷ್ಟು ಪುಟ್ಟದು ಅನ್ನೋ ವಿಷಯ.

ಜೀರೋ ಸಮಸ್ಯೆಯಿಂದ ಶುರು ಮಾಡೋಣ, ನನ್ನ ಪ್ರಕಾರ ಇದೇ ಅತಿ ಸ್ವಾರಸ್ಯದ್ದು. ಹಳೇ ಟೆಸ್ಟಲ್ಲಿ ಟ್ರಾನ್ಸ್‌ಡ್ಯೂಸರ್ ಹೊರಗಿರುತ್ತೆ, ಹೊರಗಿನ ಗಾಳಿಗೆ ತೆರೆದು ಜೀರೋ ಮಾಡಿದ್ರೆ ಆಯ್ತು, ಮುಂದೆಲ್ಲ ಅದಕ್ಕಿಂತ ಎಷ್ಟು ಜಾಸ್ತಿ ಅಂತಲೇ ತೋರಿಸುತ್ತೆ. ದೇಹದೊಳಗೆ ಮುಚ್ಚಿಟ್ಟ ಸೆನ್ಸರ್‌ಗೆ ಹೊರಗಿನ ಗಾಳಿಯ ಪರಿಚಯವೇ ಇಲ್ಲ, ಅದು ಅಳೆಯೋದು ಒಟ್ಟು ಒತ್ತಡ, ಅಂದ್ರೆ ವಾತಾವರಣದ್ದೂ ಸೇರಿ. ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 1033 ಸೆಂಟಿಮೀಟರ್ ನೀರು. ನಮಗೆ ಬೇಕಾಗಿರೋದು ಅದರ ಮೇಲೆ ಕೂತಿರೋ 10, 20, 40. ಸೆನ್ಸರ್ ಒಟ್ಟು ಅಳತೆಯಲ್ಲಿ ಶೇಕಡಾ 1 ತಪ್ಪಿದ್ರೂ 10 ಸೆಂಟಿಮೀಟರ್ ಹೋಯ್ತು, ಅಂದ್ರೆ ಲಕ್ಷ್ಮಣರೇಖೆಯ ಕಾಲುಭಾಗ.

ಒಬ್ಬ ಪೇಷೆಂಟ್‌ಗೆ ಬೆಂಗಳೂರಲ್ಲಿ ಇಂಥ ಸೆನ್ಸರ್ ಹಾಕಿ ಕಳಿಸಿದ್ರು ಅಂದ್ಕೊಳ್ಳಿ, ಅವರು ಅದೇ ದಿನ ಮಂಗಳೂರಿಗೆ ಹೊರಟ್ರು. ಬೆಂಗಳೂರು ಇರೋದು ಸುಮಾರು 920 ಮೀಟರ್ ಎತ್ತರದಲ್ಲಿ, ಮಂಗಳೂರು ಸಮುದ್ರದ ಪಕ್ಕ. ಘಾಟಿ ಇಳಿದು ಊರು ಸೇರೋ ಹೊತ್ತಿಗೆ ವಾತಾವರಣದ ಒತ್ತಡ ಹೆಚ್ಚುಕಮ್ಮಿ 100 ಸೆಂಟಿಮೀಟರ್ ನೀರಿನಷ್ಟು ಏರಿರುತ್ತೆ. ಗಂಡಸರು ಮೂತ್ರ ಮಾಡೋವಾಗ ಡಿಟ್ರೂಸರ್ ಹಿಂಡೋದೇ ಸಾಮಾನ್ಯವಾಗಿ 40-60, ಅದರ ಸುಮಾರು ಎರಡರಷ್ಟು ಬರೀ ಬಸ್ ಪ್ರಯಾಣದಿಂದ ಬಂತು, ಮೂತ್ರಕೋಶದಲ್ಲಿ ಏನೂ ಆಗಿಲ್ಲ! ಪ್ರಯಾಣ ಬೇಡ, ಲಿಫ್ಟಲ್ಲಿ ಹತ್ತನೇ ಫ್ಲೋರಿಗೆ ಹೋದ್ರೂ 3 ಸೆಂಟಿಮೀಟರ್ ಇಳಿಯುತ್ತೆ. ಮನೇಲೇ ಮಲಗಿದ್ರೂ ಬಿಡಲ್ಲ, ನಮ್ಮಂಥ ಉಷ್ಣವಲಯದಲ್ಲಿ ಬ್ಯಾರೋಮೀಟರ್ ದಿನಕ್ಕೆ ಎರಡು ಸಲ ಏರಿಳಿಯುತ್ತೆ, ಬೆಳಗ್ಗೆ ಹತ್ತರ ಸುಮಾರಿಗೆ ಏರಿ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮೂರ್ನಾಲ್ಕು ಸೆಂಟಿಮೀಟರ್ ಇಳಿದಿರುತ್ತೆ. ಇದಕ್ಕೆ ಪರಿಹಾರ ಇದೆ, ಪೇಷೆಂಟ್ ಸೊಂಟದಲ್ಲಿರೋ ರಿಸೀವರ್‌ನಲ್ಲೇ ಇನ್ನೊಂದು ಬ್ಯಾರೋಮೀಟರ್ ಇಟ್ಟು ಪ್ರತಿ ಕ್ಷಣ ಕಳೆಯೋದು, ಕಷ್ಟ ಏನಿಲ್ಲ, ಆದ್ರೆ ಆ ಎರಡನೇ ಮೀಟರ್ ಕೆಟ್ಟರೆ ಮೊದಲನೇದೂ ಕೆಟ್ಟಂಗೇ.

ಆಮೇಲೆ ಮೈಯ ಭಂಗಿ. ಮಲಗಿದ್ದಾಗ ಮೂತ್ರಕೋಶದೊಳಗಿನ ಒತ್ತಡ 5ರಿಂದ 20, ಕೂತಾಗ 15ರಿಂದ 40, ನಿಂತಾಗ 30ರಿಂದ 50 ಇರುತ್ತೆ ಅಂತ ಇಂಟರ್‌ನ್ಯಾಷನಲ್ ಕಾಂಟಿನೆನ್ಸ್ ಸೊಸೈಟಿಯ ಮಾರ್ಗಸೂಚಿಗಳು ಹೇಳುತ್ತವೆ, ಕರುಳಿನ ಭಾರ ಮೇಲೆ ಬೀಳೋದರಿಂದ. ಒಬ್ಬ ಆರೋಗ್ಯವಂತ ಮನುಷ್ಯ ಸುಮ್ಮನೆ ಎದ್ದು ನಿಂತರೆ 40 ದಾಟಬಹುದು. ಇದರ ಜೊತೆಗೆ ಇನ್ನೊಂದು ಸೂಕ್ಷ್ಮ ಇದೆ, ನೀರು ತುಂಬಿದ ಹಳೇ ಕ್ಯಾತಿಟರ್‌ನಲ್ಲಿ ತುದಿ ಮೂತ್ರಕೋಶದ ಯಾವ ಮೂಲೆಯಲ್ಲಿದ್ರೂ ವ್ಯತ್ಯಾಸ ಇಲ್ಲ, ಹೊರಗಿನ ಟ್ರಾನ್ಸ್‌ಡ್ಯೂಸರ್ ಎತ್ತರ ಒಂದೇ ಇದ್ರೆ ಸಾಕು. ಸೆನ್ಸರ್ರೇ ಒಳಗೆ ತೇಲ್ತಿದ್ರೆ ತುಂಬಿದ ಮೂತ್ರಕೋಶದ ಮೇಲ್ಭಾಗದಲ್ಲಿ ಒಂದು ನಂಬರ್, ತಳದಲ್ಲಿ ಅದಕ್ಕಿಂತ ಹಲವು ಸೆಂಟಿಮೀಟರ್ ಜಾಸ್ತಿ ನಂಬರ್. ಪುಟ್ಟದು ಮಾಡಿದ್ದಕ್ಕೆ ಕಟ್ಟಬೇಕಾದ ದಂಡ ಇದು.

ಎಲ್ಲಕ್ಕಿಂತ ದೊಡ್ಡದು ಹೊಟ್ಟೆಯ ಲೆಕ್ಕ. ಮೂತ್ರಕೋಶದಲ್ಲಿ ಒಂದೇ ಸೆನ್ಸರ್ ಇದೆ, ಗುದದ್ವಾರದಲ್ಲಿ ಏನೂ ಇಲ್ಲ, ಪೇಷೆಂಟ್‌ಗೆ ಅದು ಸಂತೋಷದ ವಿಷಯಾನೇ. ಆದ್ರೆ ಆ ಮೂರನೇ ಗೆರೆ ಹೋಯ್ತು. ಮೆಜೆಸ್ಟಿಕ್‌ನಲ್ಲಿ ಬಸ್ಸಲ್ಲಿ ಕೂತಾಗ ಪಕ್ಕದ ಬಸ್ಸು ಕದಲಿದ್ರೆ ಹೊರಟಿದ್ದು ಅದೋ ನಮ್ಮದೋ ಅಂತ ಒಂದು ಕ್ಷಣ ಗೊತ್ತಾಗಲ್ಲವಲ್ಲ, ಹಂಗೆ ಸೆನ್ಸರ್‌ಗೂ ಒತ್ತಡ ಏರಿದ್ದು ಗೊತ್ತು, ಏರಿಸಿದ್ದು ಯಾರು ಅಂತ ಗೊತ್ತಿಲ್ಲ. ಕ್ಲೀವ್‌ಲ್ಯಾಂಡ್‌ನವರು ಇದಕ್ಕೆ ಸಾಫ್ಟ್‌ವೇರ್ ದಾರಿ ಹುಡುಕಿದ್ರು: ಕೆಮ್ಮು ಸೀನು ಚಲನೆ ಇವೆಲ್ಲ ಸೆಕೆಂಡಿನೊಳಗೆ ನೆಗೆದು ಬೀಳೋ ಚೂಪು ಸಿಗ್ನಲ್ಲು, ಡಿಟ್ರೂಸರ್ ಹಿಂಡೋದು ಹತ್ತಾರು ಸೆಕೆಂಡ್ ತಗೊಂಡು ನಿಧಾನ ಏರಿ ಇಳಿಯುತ್ತೆ, ಗಣಿತದ ಜರಡಿಯಲ್ಲಿ ಎರಡನ್ನೂ ಬೇರೆ ಮಾಡಬಹುದು. ಕೆಮ್ಮಿನ ಮಟ್ಟಿಗೆ ಇದು ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಮಲಬದ್ಧತೆ ಇರೋರು ಮುಕ್ಕಿ ಕೂತಾಗ, ಪ್ರಾಸ್ಟೇಟ್ ದೊಡ್ಡದಾಗಿರೋ ಅಜ್ಜ ಹೊಟ್ಟೆ ಬಿಗಿಹಿಡಿದು ಮೂತ್ರ ಮಾಡೋವಾಗ, ವೀಲ್‌ಚೇರ್‌ನಿಂದ ಮಂಚಕ್ಕೆ ಕೈ ಊರಿ ದಾಟೋವಾಗ ಹೊಟ್ಟೆಯ ಒತ್ತಡವೂ ನಿಧಾನಾನೇ ಏರುತ್ತೆ, ಅಲ್ಲಿ ಜರಡಿ ಎಡವುತ್ತೆ ಅನ್ನೋದು ನನ್ನ ಅನುಮಾನ. ಅದಕ್ಕೇ ಕೆಲವರು ಸೆನ್ಸರ್‌ನ ಮೂತ್ರಕೋಶದ ಗೋಡೆಯೊಳಗೆ ಒಳಪೊರೆಯ ಕೆಳಗೆ ಹೂಳೋದು, ಗೋಡೆ ಎಷ್ಟು ಹಿಗ್ಗಿತು ಅಂತ ಅಳೆಯೋದು, ಹಿಂಗೆ ಬೇರೆ ದಾರಿಗಳನ್ನೂ ನೋಡ್ತಿದ್ದಾರೆ. 2019ರಲ್ಲಿ ನೇಚರ್‌ನಲ್ಲಿ ಬಂದ ಒಂದು ಅಮೆರಿಕನ್ ಪ್ರಯೋಗದಲ್ಲಿ ಇಲಿಗಳ ಮೂತ್ರಕೋಶದ ಸುತ್ತ ಹಿಗ್ಗೋ ಪಟ್ಟಿ ಕಟ್ಟಿ, ಅದು ಎಷ್ಟು ಸಲ ಖಾಲಿಯಾಗ್ತಿದೆ ಅಂತ ಲೆಕ್ಕ ಇಟ್ಟು, ಜಾಸ್ತಿ ಆದಾಗ ಪುಟ್ಟ ಎಲ್‌ಇಡಿ ಬೆಳಕಿಂದ ನರವನ್ನ ಶಾಂತ ಮಾಡಿದ್ರು. ಅದಕ್ಕೆ ನರದ ಜೀವಕೋಶಗಳ ಜೀನ್ ಬದಲಾಯಿಸಬೇಕಾಗಿತ್ತು, ಮನುಷ್ಯರಿಗೆ ಸದ್ಯಕ್ಕೆ ಬರೋ ಮಾತಲ್ಲ.

ಇನ್ನು ಒಳಗೆ ಉಳಿಯೋ ವಿಷಯ. ಮೂತ್ರನಾಳದಲ್ಲಿ ತೂರಬೇಕಾದ್ರೆ ಐದಾರು ಮಿಲಿಮೀಟರ್ ದಪ್ಪ ಮೀರಬಾರದು, ಒಳಗೆ ಹೋದ ಮೇಲೆ ಅದೇ ದಾರಿಯಲ್ಲಿ ಮೂತ್ರದ ಜೊತೆ ಜಾರಿ ಬರಬಾರದು, ಬಾಯಿಗೆ ಅಡ್ಡ ಕೂತು ದಾರಿ ಕಟ್ಟಲೂಬಾರದು. ಅದಕ್ಕೇ ಒಳಗೆ ಹೋದ ಮೇಲೆ ಸುರುಳಿ ಸುತ್ತಿಕೊಳ್ಳೋ, ಬಾಗೋ ಆಕಾರಗಳು. ಕೆಲವು ಗಂಟೆ, ಒಂದೆರಡು ದಿನ ಆದ್ರೆ ದಾರ ಕಟ್ಟಿ ನಿಭಾಯಿಸಬಹುದು. ತಿಂಗಳುಗಟ್ಟಲೆ ಇಡ್ತೀನಿ ಅಂದ್ರೆ ಮೂತ್ರವೇ ಶತ್ರು. ಕ್ಯಾಲ್ಸಿಯಂ, ಮೆಗ್ನೀಷಿಯಂ, ಫಾಸ್ಫೇಟ್ ತುಂಬಿರೋ ದ್ರವ ಅದು, ಪ್ರೋಟಿಯಸ್ ಥರದ ಬ್ಯಾಕ್ಟೀರಿಯಾ ಸೇರಿದ್ರೆ ಯೂರಿಯಾ ಒಡೆದು ಅಮೋನಿಯಾ ಮಾಡಿ ಮೂತ್ರವನ್ನ ಕ್ಷಾರೀಯ ಮಾಡುತ್ತೆ, ಆಗ ಒಳಗಿರೋ ಯಾವುದೇ ವಸ್ತುವಿನ ಮೇಲೆ ಕಲ್ಲು ಕಟ್ಟುತ್ತೆ. ಕಿಡ್ನಿ ಸ್ಟೋನ್ ಆಪರೇಷನ್ ಆದವರಿಗೆ ಡಿಜೆ ಸ್ಟೆಂಟ್, ಅಂದ್ರೆ ಕಿಡ್ನಿಯಿಂದ ಮೂತ್ರಕೋಶದವರೆಗೆ ಕೆಲವು ದಿನಕ್ಕೆ ಇಡೋ ಕೊಳವೆ, ಗೊತ್ತಿರುತ್ತೆ, ನಮ್ಮ ಕಡೆ ಎಷ್ಟೋ ಜನ ನೋವು ಹೋಯ್ತಲ್ಲ ಅಂತ ಅದನ್ನ ತೆಗೆಸೋದೇ ಮರೆತು ವರ್ಷಗಳಾದ ಮೇಲೆ ಕಲ್ಲಾಗಿರೋ ಸ್ಟೆಂಟ್ ಹೊತ್ತುಕೊಂಡು ಬರ್ತಾರೆ, ಯೂರಾಲಜಿಸ್ಟ್‌ಗಳಿಗೆ ಅದು ಮಾಮೂಲಿ ತಲೆನೋವು. ಸೆನ್ಸರ್ ಕತೆ ಇನ್ನೂ ಕೆಟ್ಟದು, ಪೊರೆಯ ಮೇಲೆ ತೆಳು ಪದರ ಕೂತರೂ ಅಳತೆ ಜಾರೋಕೆ ಶುರು, ಸಿಲಿಕೋನ್ ಮೂಲಕ ತೇವ ಒಳಗಿಳಿದ್ರೆ ಜೀರೋ ತಾನಾಗೇ ಸರಿಯುತ್ತೆ, ಒಳಗಿರೋದನ್ನ ಮತ್ತೆ ಜೀರೋ ಮಾಡೋಕೆ ಹೊರಗೆ ತೆಗೆಯೋ ಹಂಗಿಲ್ಲ. ಆದ್ದರಿಂದ ಸದ್ಯಕ್ಕೆ ಮಾರುಕಟ್ಟೆಗೆ ಬರ್ತಿರೋದು ಟೆಸ್ಟಿಗೆ ಹಾಕಿ ತೆಗೆಯೋ ಸಾಧನ, ಶಾಶ್ವತ ಇಂಪ್ಲಾಂಟ್ ಅಲ್ಲ. ಎರಡನ್ನೂ ಕಲಸಿಕೊಂಡು ಬರೆಯೋ ಸುದ್ದಿಗಳನ್ನ ಸ್ವಲ್ಪ ಜೋಪಾನವಾಗಿ ಓದಿ.

ಹೋಗಲಿ, ಇದೆಲ್ಲ ಸರಿಹೋಯ್ತು ಅಂತಾನೇ ಇಟ್ಕೊಳ್ಳೋಣ, 24 ಗಂಟೆಯ ಪಕ್ಕಾ ಗ್ರಾಫ್ ಕೈಗೆ ಬಂತು. ಆಮೇಲೆ? ನಮ್ಮ ಹತ್ರ ಇರೋ ನಾರ್ಮಲ್ ಅನ್ನೋದೆಲ್ಲ ಆ ಕೃತಕ ಟೆಸ್ಟಿನಿಂದ ಬಂದಿದ್ದು, ಆ 40 ಕೂಡ ಅಲ್ಲಿಂದಲೇ. ಕ್ಯಾತಿಟರ್ ಇಟ್ಕೊಂಡೇ ಓಡಾಡೋ ಆಂಬುಲೇಟರಿ ಟೆಸ್ಟ್ ಹಿಂದೆಯೇ ಬಂದಿತ್ತು, ಅದನ್ನ ಯಾವ ತೊಂದರೆಯೂ ಇಲ್ಲದ ಸ್ವಯಂಸೇವಕರಿಗೆ ಮಾಡಿದಾಗ ಶೇಕಡಾ 38ರಿಂದ 69ರವರೆಗೆ ಜನರಲ್ಲಿ ಡಿಟ್ರೂಸರ್ ಬೇಡದ ಹೊತ್ತಲ್ಲಿ ಹಿಂಡೋದು ಕಂಡಿತು. ಅದೇ ಗ್ರಾಫು ಕಂಪ್ಲೇಂಟ್ ಇರೋರದ್ದಾಗಿದ್ರೆ ಓವರ್‌ಆಕ್ಟಿವ್ ಅಂತ ಬರೆದು ಮಾತ್ರೆ ಕೊಡ್ತಿದ್ರು. ಜಾಸ್ತಿ ಹೊತ್ತು ನೋಡಿದಷ್ಟೂ ಜಾಸ್ತಿ ಜನ ರೋಗಿಗಳಾಗಿ ಕಾಣೋದು ಹಾರ್ಟ್ ಮಾನಿಟರ್ ಇರೋ ಸ್ಮಾರ್ಟ್‌ವಾಚ್ ಬಂದಾಗಲೂ ನೋಡಿದೀವಿ.

ಇನ್ನೂ ಖಾರದ ಪ್ರಶ್ನೆ: ಪ್ರೆಶರ್ ಗೊತ್ತಾದ್ರೆ ಟ್ರೀಟ್‌ಮೆಂಟ್ ಸುಧಾರಿಸುತ್ತಾ? 2012ರಲ್ಲಿ ಅಮೆರಿಕದ ವ್ಯಾಲ್ಯೂ ಟ್ರಯಲ್‌ನಲ್ಲಿ ಕೆಮ್ಮಿದ್ರೆ ಸೀನಿದ್ರೆ ಸೋರೋ ತೊಂದರೆ ಇದ್ದ 630 ಹೆಂಗಸರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್ ಮುಂಚೆ ಯೂರೋಡೈನಮಿಕ್ಸ್ ಮಾಡಿದ್ರು, ಇನ್ನೊಂದಕ್ಕೆ ಬರೀ ಕ್ಲಿನಿಕ್ ಪರೀಕ್ಷೆ. ವರ್ಷದ ನಂತರ ಎರಡೂ ಗುಂಪಲ್ಲಿ ಗುಣವಾದವರು ಹೆಚ್ಚುಕಮ್ಮಿ ಅಷ್ಟೇ, ಶೇಕಡಾ 77ರ ಆಸುಪಾಸು. 2020ರಲ್ಲಿ ಇಂಗ್ಲೆಂಡಿನ ಅಪ್‌ಸ್ಟ್ರೀಮ್ ಟ್ರಯಲ್, 26 ಆಸ್ಪತ್ರೆ, 820 ಗಂಡಸರು, ಪ್ರಾಸ್ಟೇಟ್ ಆಪರೇಷನ್ ಬೇಕೋ ಬೇಡವೋ ಅನ್ನೋ ಹಂತದವರು. ಧಾರೆ ನಿಧಾನ ಇರೋದು ಪ್ರಾಸ್ಟೇಟ್ ಅಡ್ಡ ಬಂದೋ ಇಲ್ಲಾ ಮೂತ್ರಕೋಶದ ಸ್ನಾಯುವೇ ಸೋತಿದೆಯೋ ಅಂತ ಒತ್ತಡ ನೋಡಿದ್ರೆ ಮಾತ್ರ ಬೇರೆ ಮಾಡೋಕಾಗೋದು, ಹಾಗಾಗಿ ಟೆಸ್ಟ್ ಮಾಡಿದ್ರೆ ಬೇಡದ ಆಪರೇಷನ್ ಕಮ್ಮಿ ಆಗುತ್ತೆ ಅಂತ ನಿರೀಕ್ಷೆ ಇತ್ತು, ಕಮ್ಮಿ ಆಗಲಿಲ್ಲ. ಸೆನ್ಸರ್ ಪರ ಇರೋರು ಹೇಳೋದು, ಟೆಸ್ಟೇ ಕೃತಕ ಆಗಿದ್ದಕ್ಕೆ ಹಂಗಾಯ್ತು, ಒಳ್ಳೆ ಅಳತೆ ಸಿಕ್ಕಿದ್ರೆ ಫಲಿತಾಂಶ ಬೇರೆ ಬರುತ್ತೆ ಅಂತ. ಇರಬಹುದು. ಆದ್ರೆ ಅದನ್ನ ತೋರಿಸಬೇಕಾದ ಜವಾಬ್ದಾರಿ ಅವರದ್ದೇ, ಎಫ್‌ಡಿಎಯ 510ಕೆ ದಾರಿಯಲ್ಲಿ ಕೇಳೋದು ಈಗಾಗಲೇ ಮಾರ್ಕೆಟ್‌ನಲ್ಲಿರೋ ಸಾಧನಕ್ಕೆ ಇದು ಸಮ ಇದೆಯಾ ಅಂತ ಅಷ್ಟೆ, ಪೇಷೆಂಟ್ ಬದುಕು ಸುಧಾರಿಸ್ತಾ ಅಂತ ಅಲ್ಲ.

ಇಲ್ಲಿ ಹೃದಯದ ಕಡೆ ಒಮ್ಮೆ ನೋಡಬೇಕು. ಹಾರ್ಟ್ ಫೇಲ್ಯೂರ್ ಇರೋರಿಗೆ ಹಾಕೋ ಕಾರ್ಡಿಯೋಮೆಮ್ಸ್ ಅನ್ನೋ ಪುಟ್ಟ ಸೆನ್ಸರ್‌ಗೆ 2014ರಲ್ಲೇ ಎಫ್‌ಡಿಎ ಅಪ್ರೂವಲ್ ಸಿಕ್ಕಿತು, ಬ್ಯಾಟರಿಯೇ ಇಲ್ಲ, ಶ್ವಾಸಕೋಶದ ರಕ್ತನಾಳದಲ್ಲಿ ಶಾಶ್ವತವಾಗಿ ಕೂರುತ್ತೆ, ಪೇಷೆಂಟ್ ಒಂದು ವಿಶೇಷ ದಿಂಬಿನ ಮೇಲೆ ಮಲಗಿದ್ರೆ ಹೊರಗಿನಿಂದ ರೇಡಿಯೋ ತರಂಗ ಕಳಿಸಿ ಓದುತ್ತೆ. ಅದು ಗೆದ್ದಿದ್ದು ಯಾಕಂದ್ರೆ ಒತ್ತಡ ಏರಿದ್ರೆ ಏನು ಮಾಡ್ಬೇಕು ಅಂತ ಡಾಕ್ಟರ್‌ಗೆ ಆವತ್ತೇ ಗೊತ್ತು, ನೀರಿಳಿಸೋ ಮಾತ್ರೆ ಜಾಸ್ತಿ ಮಾಡೋದು, ಆಸ್ಪತ್ರೆ ಸೇರೋದು ತಪ್ಪುತ್ತೆ. ನಂಬರ್ ಹಿಂದೆಯೇ ಕೆಲಸ ಇತ್ತು. ಮೂತ್ರಕೋಶದಲ್ಲಿ ಅಂಥ ಸ್ಪಷ್ಟ ಕೆಲಸ ಇರೋದು ಯಾರಿಗೆ ಅಂತ ಹುಡುಕಿದ್ರೆ ನನಗೆ ಕಾಣೋದು ಮತ್ತೆ ಆ ಬೆನ್ನುಹುರಿ ಪೇಷೆಂಟ್‌ಗಳು, ಸ್ಪೈನಾ ಬೈಫಿಡಾ ಮಕ್ಕಳು.

ಅವರ ದಿನ ಹೆಂಗಿರುತ್ತೆ ನೋಡಿ. ಮೂತ್ರ ತುಂಬಿದ್ದು ಗೊತ್ತಾಗಲ್ಲ, ಅದಕ್ಕೆ ಗಡಿಯಾರ ನೋಡಿ ನಾಲ್ಕು ಗಂಟೆಗೋ ಆರು ಗಂಟೆಗೋ ಒಮ್ಮೆ ಕ್ಯಾತಿಟರ್ ಹಾಕ್ಕೊಳ್ಳೋದು. ಮದುವೆ ಮನೇಲಿ ಎರಡು ಲೋಟ ಪಾನಕ ಜಾಸ್ತಿ ಕುಡಿದ ದಿನ ಗಡಿಯಾರದ ಲೆಕ್ಕ ತಪ್ಪುತ್ತೆ, ಸೆಕೆ ದಿನ ಬೆವರು ಹೋಗಿ ಮೂತ್ರಕೋಶ ಅರ್ಧವೂ ತುಂಬಿರಲ್ಲ ಸುಮ್ಮನೆ ಚುಚ್ಚಿಕೊಂಡಂಗೆ. ಎದೆಮಟ್ಟದಿಂದ ಮೇಲೆ ಹುರಿಗೆ ಪೆಟ್ಟಾದವರಿಗೆ ಇನ್ನೂ ಅಪಾಯ, ಮೂತ್ರಕೋಶ ತುಂಬಿ ಬಿಗಿದ್ರೆ ಬಿಪಿ ಸರ್ರನೆ ಏರಿ ತಲೆ ಸಿಡಿಯೋ ನೋವು, ಮುಖ ಕೆಂಪು, ಬೆವರು, ತಡ ಮಾಡಿದ್ರೆ ಪ್ರಾಣಕ್ಕೇ ಕುತ್ತು. ಇವರ ಫೋನಿಗೆ "ಒಳಗೆ ಒತ್ತಡ 30 ಆಗಿದೆ, ಈಗ ಖಾಲಿ ಮಾಡಿ" ಅಂತ ಮೆಸೇಜ್ ಬಂದ್ರೆ ಅದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ, ಏನು ಮಾಡ್ಬೇಕು ಅಂತ ಗೊತ್ತು, ಈಗಿಂದೀಗ ಮಾಡಬಹುದು. ಹೊಟ್ಟೆ ಮೇಲೆ ಅಂಟಿಸೋ ಅಲ್ಟ್ರಾಸೌಂಡ್ ಸಾಧನ ಈಗಾಗಲೇ ಇದೆಯಲ್ಲ, ಜಪಾನಿನ ಡಿ-ಫ್ರೀ ಥರದ್ದು, ಅಂತ ಕೇಳಬಹುದು. ಅದು ಎಷ್ಟು ತುಂಬಿದೆ ಅಂತ ಅಂದಾಜು ಹೇಳುತ್ತೆ, ಒಳಗೆ ಎಷ್ಟು ಬಿಗಿದಿದೆ ಅಂತ ಹೇಳಲ್ಲ. ಗೋಡೆ ಗಟ್ಟಿಯಾದ ಮೂತ್ರಕೋಶದಲ್ಲಿ 150 ಎಂಎಲ್‌ಗೇ 40 ದಾಟಬಹುದು, ಸಡಿಲ ಇರೋದರಲ್ಲಿ 500 ಎಂಎಲ್‌ಗೂ 10 ದಾಟಲ್ಲ, ಕಿಡ್ನಿ ಕೆಡಿಸೋದು ಒತ್ತಡ. ಆದ್ರೆ ವಿಪರ್ಯಾಸ ನೋಡಿ, ಇವರಿಗೆ ಬೇಕಾಗಿರೋದು ವರ್ಷಗಟ್ಟಲೆ ಒಳಗಿರೋ ಸೆನ್ಸರ್, ಕಲ್ಲು ಕಟ್ಟದ, ಜೀರೋ ಜಾರದ ಸೆನ್ಸರ್, ಅದೇ ಇನ್ನೂ ಆಗಿಲ್ಲ. ಸಿದ್ಧ ಆಗಿರೋ ಕೆಲವು ಗಂಟೆಗಳ ಸೆನ್ಸರ್ ಹೋಗೋದು ಟೆಸ್ಟಿನಿಂದ ಅಷ್ಟೇನೂ ಲಾಭ ಇಲ್ಲ ಅಂತ ಟ್ರಯಲ್‌ಗಳು ಹೇಳಿರೋ ದೊಡ್ಡ ಮಾರ್ಕೆಟ್‌ಗೆ.

ಕರ್ನಾಟಕದಲ್ಲಿ ಅಡಿಕೆ ಮರ, ತೆಂಗಿನ ಮರದಿಂದ ಬಿದ್ದು, ಬೈಕ್ ಆಕ್ಸಿಡೆಂಟ್ ಆಗಿ ಬೆನ್ನುಹುರಿ ಕಳ್ಕೊಂಡವರು ಊರೂರಲ್ಲಿದ್ದಾರೆ. ನಿಮ್ಹಾನ್ಸ್‌ನ ನ್ಯೂರೋ ರಿಹ್ಯಾಬ್ ವಿಭಾಗದವರು ಇಂಥವರ ಯೂರೋಡೈನಮಿಕ್ಸ್ ಬಗ್ಗೆ ಹಲವು ಪೇಪರ್ ಬರೆದಿದ್ದಾರೆ, ದೊಡ್ಡ ಊರಿನ ಯೂರಾಲಜಿ ಸೆಂಟರ್‌ಗಳಲ್ಲಿ ಟೆಸ್ಟ್ ಸಿಗುತ್ತೆ, ಪ್ರೈವೇಟ್‌ನಲ್ಲಿ ಕೆಲವು ಸಾವಿರ ರೂಪಾಯಿ. ಆದ್ರೆ ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ವೀಲ್‌ಚೇರ್‌ನಲ್ಲಿರೋರನ್ನ ವರ್ಷಕ್ಕೊಮ್ಮೆ ಬೆಂಗಳೂರಿಗೆ ಕರ್ಕೊಂಡು ಬರೋದು ಟೆಸ್ಟಿನ ಫೀಸಿಗಿಂತ ದುಬಾರಿ. ಒಂದು ಸಲಕ್ಕೆ ಬಳಸಿ ಬಿಸಾಡೋ ವೈರ್‌ಲೆಸ್ ಸೆನ್ಸರ್ ನಾಳೆ ಇಲ್ಲಿಗೆ ಬಂದ್ರೆ ಅದರ ಲಾಭ ಇರೋದು ತಾಲೂಕು ಆಸ್ಪತ್ರೆಯಲ್ಲಿ ಹಾಕಿ, ಗ್ರಾಫ್‌ನ ದೊಡ್ಡ ಆಸ್ಪತ್ರೆಗೆ ಕಳಿಸೋಕಾದ್ರೆ, ಅದೂ ಈಗಿನ ನೀರಿನ ಕ್ಯಾತಿಟರ್ ರೇಟಿನ ಹತ್ತಿರಕ್ಕೆ ಬಂದ್ರೆ. ಅಮೆರಿಕದ ಇನ್ಷೂರೆನ್ಸ್ ನೋಡಿ ಇಟ್ಟ ಬೆಲೆಯಲ್ಲಿ ಬಂದ್ರೆ ಕಾರ್ಪೊರೇಟ್ ಆಸ್ಪತ್ರೆಯ ಬ್ರೋಷರ್‌ನಲ್ಲಿ ಉಳಿಯುತ್ತೆ.

ಅಲ್ಲಿಯವರೆಗೆ ನಿಮಗೋ ಮನೆಯವರಿಗೋ ಹಳೇ ಟೆಸ್ಟನ್ನೇ ಬರೆದುಕೊಟ್ಟಿದ್ರೆ ಭಯ ಪಡೋದೇನಿಲ್ಲ, ಮುಜುಗರ ಇರುತ್ತೆ, ಸ್ವಲ್ಪ ಉರಿ ಇರುತ್ತೆ, ಮಾರನೇ ದಿನ ನೀರು ಚೆನ್ನಾಗಿ ಕುಡೀರಿ, ಚಳಿಜ್ವರ ಬಂದ್ರೆ ಡಾಕ್ಟರ್‌ಗೆ ಫೋನ್ ಮಾಡಿ. ಹೋಗೋಕೆ ಮುಂಚೆ ಮೂರು ದಿನ ಎಷ್ಟು ಹೊತ್ತಿಗೆ ಎಷ್ಟು ಎಂಎಲ್ ಹೋಯ್ತು ಅಂತ ಒಂದು ಹಳೇ ಅಳತೆ ಲೋಟ ಇಟ್ಕೊಂಡು ಬರೆದಿಡಿ, ರಾತ್ರಿ ಎದ್ದಿದ್ದೂ ಸೇರಿಸಿ. ಟೆಸ್ಟ್ ಮುಗಿದ ಮೇಲೆ ಟೆಕ್ನಿಷಿಯನ್ ಕೇಳದಿದ್ರೂ ನೀವಾಗೇ ಹೇಳಿ, ಮನೇಲಿ ಆಗೋ ತೊಂದರೆ ಇವತ್ತು ಈ ಕುರ್ಚಿ ಮೇಲೂ ಆಯ್ತಾ ಇಲ್ಲವಾ ಅಂತ, ರಿಪೋರ್ಟಲ್ಲಿ ಅದನ್ನ ಬರೆಸಿಕೊಳ್ಳಿ. ಆಗಿಲ್ಲ ಅಂದ್ರೆ ಆ ಗ್ರಾಫ್ ನಾರ್ಮಲ್ ಇದ್ರೂ ಅದನ್ನೇ ನೆಚ್ಚಿಕೊಂಡು ಆಪರೇಷನ್ ಬೇಕು ಬೇಡ ಅಂತ ತೀರ್ಮಾನ ಮಾಡೋ ಮುಂಚೆ ಇನ್ನೊಂದು ಸಲ ಡಾಕ್ಟರ್ ಹತ್ರ ಕೂತು ಮಾತಾಡಿ.